ನೀರು ಇಳಿಯುವ ಜಾಗ

"ಇನ್ನೂ ಸುರಿ," ಎಂದ ನೆಲ ಪರೀಕ್ಷೆಗೆ ಬಂದಿದ್ದ ಯೂಜೀನ್.

ನನ್ನ ಗಂಡ ಫೆಲಿಮ್ ಮೂರನೆಯ ಬಕೆಟ್ಟನ್ನು ಗುಂಡಿಗೆ ಬಗ್ಗಿಸಿದ. ಮೊಣಕಾಲುದ್ದದ ಚೌಕ ಗುಂಡಿ. ಯೂಜೀನ್ ಮಂಡಿಯೂರಿ ಅಳತೆಪಟ್ಟಿಯನ್ನು ಒಳಗೆ ಇಳಿಬಿಟ್ಟು, "ಹ್ಞಾಂ, ಈಗ," ಎಂದ. ನಾನು ಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ: ಹತ್ತು ಗಂಟೆ ಹನ್ನೆರಡು ನಿಮಿಷ.

ಹನ್ನೊಂದೂವರೆಯಾಯಿತು. ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಒಂದು ಜೊತೆ ಬಾತುಕೋಳಿ ತಂದು ಬಿಡು ಫೆಲಿಮ್," ಎಂದ ಯೂಜೀನ್. "ನಮ್ಮ ಲೀಟ್ರಿಮ್ ಕೌಂಟೀಲಿ ಹೊಲ ಮಾರೋದು ಎಕರೆ ಲೆಕ್ಕದಲ್ಲಲ್ಲ, ಬಿಂದಿಗೆ ಲೆಕ್ಕದಲ್ಲಿ."

"ಇನ್ನರ್ಧ ಗಂಟೆ ನೋಡಣ."

"ನೋಡು, ಕ್ರಿಸ್ಮಸ್‌ವರೆಗೂ ನೋಡು. ಜೇಡಿಮಣ್ಣು ಕಣೋ ಇದು. ನಿಮ್ಮಜ್ಜನ ಕಾಲದಲ್ಲೇ ಕುಡೀದೇ ಇದ್ದಿದ್ದು, ನಿನ್ ಮುಖ ನೋಡಿ ಕುಡಿಯುತ್ತಾ?"

ಫೆಲಿಮ್ ನಗಲಿಲ್ಲ. ಗುಂಡಿಯ ನೀರು ನೆಲಕ್ಕೆ ಇಂಗದಿದ್ದರೆ ಕೌಂಟಿ ಕಚೇರಿಯವರು ಶೌಚದ ಗುಂಡಿಗೆ ಒಪ್ಪಿಗೆ ಕೊಡುವುದಿಲ್ಲ. ಅದಿಲ್ಲದೆ ಮನೆಯಿಲ್ಲ. ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಅಪ್ಪನ ನೆಲದಲ್ಲಿ ಮಗ ಕಟ್ಟಬಹುದು, ಬೇರೆ ಕಡೆ ನಮಗೆ ಪರವಾನಗಿ ಸಿಗುವುದಿಲ್ಲ. ಮಾವ ಪ್ಯಾಕಿಯ ಹೆಸರಿನಲ್ಲಿ ಇದ್ದದ್ದು ಎರಡೇ ಹೊಲ: ಜೊಂಡು ಬೆಳೆಯುವ ಈ ಕೆಳಹೊಲ, ಮತ್ತು ಮುಳ್ಳುಮರದ ದಿಬ್ಬವಿರುವ ಮೇಲಿನದು.

ನನ್ನ ಕೋಟಿನ ಜೇಬಿನಲ್ಲಿ ಮನೆಯ ಅಂದಾಜುಪಟ್ಟಿ ಇತ್ತು. ದನದ ಸಂತೆಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ, ಎಂಟು ತಿಂಗಳಿಂದ ಬರೆದು ಹೊಡೆದು ಬರೆದದ್ದು. ಸಿಮೆಂಟ್ ಇಟ್ಟಿಗೆ, ಹಂಚು, ಕಿಟಕಿ. ಗಾರೆ ನನ್ನ ಅಣ್ಣನದು, ವಯರಿಂಗ್ ಫೆಲಿಮ್‌ನ ಚಿಕ್ಕಪ್ಪನ ಮಗನದು; ಕೂಲಿಯಿಲ್ಲ, ಅವರ ಮನೆ ಎದ್ದಾಗ ನಾವು ಹೋಗಿ ದುಡಿಯಬೇಕು. ಎರಡನೆಯ ಬಚ್ಚಲು ಹೊಡೆದುಹಾಕಿದ್ದೆ. ಒಲೆಯ ಚಿಮಣಿಯನ್ನೂ ಹೊಡೆದುಹಾಕಿ, ಒಂದು ಭಾನುವಾರ ಅತ್ತು, ಮತ್ತೆ ಬರೆದಿದ್ದೆ. ಒಟ್ಟು ಒಂದು ಲಕ್ಷದ ಅರವತ್ತಮೂರು ಸಾವಿರದ ನಾನೂರು ಯೂರೋ. ಬ್ಯಾಂಕಿನವರು ಕೊಡುವುದು ಒಂದು ಲಕ್ಷದ ಅರವತ್ತೈದು. ಉಳಿದ ಸಾವಿರದ ಆರುನೂರರಲ್ಲಿ ತೊಟ್ಟಿಲು, ಪರದೆ, ಬಣ್ಣ ಎಲ್ಲವೂ ಮುಗಿಯಬೇಕಿತ್ತು.

ಹೊಟ್ಟೆಯಲ್ಲಿದ್ದ ಮಗುವಿಗೆ ಇನ್ನು ಹತ್ತು ವಾರ. ನಾವಿದ್ದದ್ದು ಮಾವನ ಅಂಗಳದಲ್ಲಿ ನಿಲ್ಲಿಸಿದ್ದ ತಗಡಿನ ಗಾಲಿಮನೆಯಲ್ಲಿ, ಒಂದು ಹಳೆಯ ಕ್ಯಾರವಾನಿನಲ್ಲಿ. ಅದರ ಗೋಡೆಗೆ ಹಿಡಿದ ಕಪ್ಪು ಬೂಷ್ಟನ್ನು ಎಷ್ಟು ಉಜ್ಜಿದರೂ ಮೂರನೆಯ ದಿನಕ್ಕೆ ಮರಳುತ್ತಿತ್ತು. ನೋಡಲು ಬಂದ ನರ್ಸ್ ಬೆರಳಲ್ಲಿ ಅದನ್ನು ಮುಟ್ಟಿ, "ಕೂಸನ್ನ ಇಲ್ಲಿ ಎರಡನೇ ಚಳಿಗಾಲ ಇಟ್ಕೋಬೇಡಿ," ಎಂದಷ್ಟೇ ಹೇಳಿ ಹೋಗಿದ್ದಳು.

"ಇಲ್ಲೇ ಮಾಡಲೇಬೇಕು ಅಂದ್ರೆ?" ಎಂದೆ.

"ಹೊರಗಿನಿಂದ ಮರಳು ತರಿಸಿ ದಿಬ್ಬ ಎಬ್ಬಿಸ್ಬೇಕು, ಪಂಪ್ ಇಡ್ಬೇಕು." ಯೂಜೀನ್ ನನ್ನ ಮುಖ ನೋಡಲಿಲ್ಲ. "ಇಪ್ಪತ್ತೆಂಟು ಸಾವಿರ. ಕಡಿಮೆ ಅಂದ್ರೂ."

ಆಮೇಲೆ ಅವನೇ ಮೇಲಿನ ಹೊಲದತ್ತ ಗದ್ದ ಎತ್ತಿದ. "ಅಲ್ಲಿ ನೋಡು, ಮೊಲದ ಬಿಲ. ಮೊಲಕ್ಕೆ ಇಂಜಿನಿಯರ್ ಬೇಕಾಗಿಲ್ಲ. ಒದ್ದೆ ನೆಲದಲ್ಲಿ ಅದು ಮರಿ ಹಾಕಲ್ಲ."

ಮೂವರೂ ಹತ್ತಿದೆವು. ದಿಬ್ಬದ ಬುಡದಲ್ಲಿ ಯೂಜೀನ್ ಗುದ್ದಲಿಯಿಂದ ಅಂಥದೇ ಗುಂಡಿ ತೋಡಿ ನೀರು ಸುರಿದ. ಗುಟುಕು ಗುಟುಕಾಗಿ ಇಳಿಯುವ ಸದ್ದು ನಮಗೇ ಕೇಳಿಸಿತು. ಇಪ್ಪತ್ತು ನಿಮಿಷದಲ್ಲಿ ತಳ ಕಂಡಿತು. ನಾನು ಬರೆದೆ.

"ಲೆಕ್ಕಕ್ಕೆ ಹಿಡಿಯೋ ಪರೀಕ್ಷೆ ನಾಳೆ ಮಾಡಣ," ಎಂದ ಯೂಜೀನ್. "ದಿಬ್ಬದ ನಡುವೆ ಒಂದಾಳು ಆಳದ ಗುಂಡಿ ತೆಗೆದು ಕಚೇರಿಯವರಿಗೆ ತೋರಿಸ್ಬೇಕು. ಬಾಡಿಗೆ ಜೆಸಿಬಿ ಹೇಗೂ ನಿಂತಿದೆ, ಇವತ್ತೇ ತೆಗೆದುಬಿಡು. ಓರ್ಲಾ, ನಿನ್ ಚಿಮಣಿ ಉಳೀತು."

ಫೆಲಿಮ್ ನನ್ನ ಹಣೆಗೆ ಮುತ್ತಿಟ್ಟು ಓಡಿದ. ಜೆಸಿಬಿ ಹೊಗೆಯುಗುಳುತ್ತಾ ಮೇಲೆ ಬಂತು. ಬೆಳಗಿನಿಂದ ಗೇಟಿಗೆ ಒರಗಿ ಸುಮ್ಮನೆ ನಿಂತಿದ್ದ ಮಾವ ಆಗ ನಡೆದುಬಂದ. ಎಪ್ಪತ್ತು ದಾಟಿದ ಮನುಷ್ಯ, ಸೊಂಟ ಸರಿಯಿಲ್ಲ. ಬಂದವನು ದಿಬ್ಬಕ್ಕೂ ಯಂತ್ರಕ್ಕೂ ನಡುವೆ ನಿಂತ.

"ಇಲ್ಲಿ ಬೇಡ."

"ಶುರುವಾಯ್ತು," ಎಂದ ಫೆಲಿಮ್ ಮೇಲಿನಿಂದ. "ಅಪ್ಪ, ನಿನ್ನ ಆ ದಿಬ್ಬದ ಕುಳ್ಳರಿಗೆ ನಮ್ಮನೇಲೇ ಒಂದು ಕೋಣೆ ಬಿಟ್ಟುಕೊಡ್ತೀನಿ. ಬಾಡಿಗೆ ಬೇಡ. ಸರೀನಾ? ಸರಿ ಪಕ್ಕಕ್ಕೆ."

ಮುಳ್ಳುಮರದ ಬುಡದಲ್ಲಿ ಕಾಣದ ಜನ ಇದ್ದಾರೆ, ಅವರನ್ನು ಕೆಣಕಬಾರದು ಎಂದು ಮಾವ ಹೇಳುತ್ತಾ ಬಂದಿದ್ದ. ಫೆಲಿಮ್‌ಗೆ ಚಿಕ್ಕಂದಿನಲ್ಲಿ ಇಲ್ಲಿ ಆಡಿದ್ದಕ್ಕೆ ಏಟೂ ಬಿದ್ದಿತ್ತಂತೆ.

"ಇಪ್ಪತ್ತೆಂಟು ಸಾವಿರ ನಾ ಕೊಡ್ತೀನಿ. ದನ ಮಾರ್ತೀನಿ."

"ನಿನ್ನ ಒಂಬತ್ತು ದನಕ್ಕಾ? ಬಾಲಕ್ಕೆ ಬಂಗಾರ ಕಟ್ಟಿದ್ರೂ ಆಗಲ್ಲ. ಜರುಗು ಅಪ್ಪ! ನನ್ ಮಗು ಆ ತಗಡಿನ ಡಬ್ಬಿಯಲ್ಲಿ ಕೆಮ್ಮಿ ಸಾಯ್ಲಿ ಅಂತೀಯಾ? ನಿನ್ನ ಕುಳ್ಳರಿಗೋಸ್ಕರ?"

"ಕುಳ್ಳರೂ ಇಲ್ಲ, ಮಣ್ಣೂ ಇಲ್ಲ!" ಎಂದು ಮಾವ ಕೂಗಿದ. "ನಿನ್ನಣ್ಣ ಇದಾನೋ ಅಲ್ಲಿ."

ಅತ್ತೆ ಟೆಸ್ಸಿ ಚಹಾದ ಫ್ಲಾಸ್ಕು, ಬೆಣ್ಣೆ ಸವರಿದ ಬ್ರೆಡ್ಡು ಹಿಡಿದು ಗೇಟು ದಾಟಿ ಬಂದಿದ್ದಳು. ಅವಳನ್ನು ಮೊದಲು ನೋಡಿದವಳು ನಾನು. ಯೂಜೀನ್ ಹೋಗಿ ಕೀಲಿ ತಿರುಗಿಸಿ ಜೆಸಿಬಿಯನ್ನು ನಿಲ್ಲಿಸಿದ. ಆಮೇಲೆ ಟೋಪಿ ತೆಗೆದ.

ಆ ಮಗುವಿನ ವಿಷಯ ನಮಗೆಲ್ಲ ಗೊತ್ತಿತ್ತು. ಅರವತ್ತಾರನೆಯ ಇಸವಿ, ಅತ್ತೆಯ ಮೊದಲ ಹೆರಿಗೆ. ಅಳದೆ ಹುಟ್ಟಿದ ಗಂಡು. ಜ್ಞಾನಸ್ನಾನದ ದೀಕ್ಷೆಯಾಗದ ಕೂಸಿಗೆ ಆಗ ಪಾದ್ರಿಗಳು ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಹಳೆಯ ಮಠದ ಸ್ಮಶಾನದ ಉತ್ತರ ಗೋಡೆಯ ಹೊರಗೆ, ಆದಷ್ಟು ಹತ್ತಿರದಲ್ಲಿ ಹೂತುಬಂದೆ ಎಂದು ಮಾವ ಹೇಳಿದ್ದ. ಆ ಗೋಡೆಯ ಬುಡಕ್ಕೆ ಅತ್ತೆ ಪ್ರತಿ ತಿಂಗಳೂ ಹೋಗುತ್ತಿದ್ದಳು, ಜಾಮ್ ಬಾಟಲಿಯಲ್ಲಿ ಹೂವಿಟ್ಟುಕೊಂಡು. ಮಾವ ಕಾರಿನಿಂದ ಇಳಿಯುತ್ತಿರಲಿಲ್ಲ. ಸಂಕಟ ಎಂದುಕೊಂಡಿದ್ದೆವು. ಹೋದ ವಾರ ನಾನೇ ಅವಳನ್ನು ಕರೆದುಕೊಂಡು ಹೋಗಿದ್ದೆ.

"ಮಠದ ಗೋಡೆ ಅಂದಿದ್ದೆ ನೀನು," ಎಂದಳು ಅತ್ತೆ.

"ಹೋಗಿದ್ದೆ ಟೆಸ್ಸಿ. ಸೈಕಲ್ ಮೇಲೆ, ಪೆಟ್ಟಿಗೆ ಕಟ್ಕೊಂಡು. ಅಲ್ಲಿನ ಕಾವಲಿನವನು ಗೋಡೆ ಹತ್ರಕ್ಕೂ ಬಿಡ್ಲಿಲ್ಲ. ವಾಪಸ್ ತಂದೆ. ಇಲ್ಲಿ ಮುಂಚಿನಿಂದ ಅಂಥಾ ಮಕ್ಕಳನ್ನ ಇಡ್ತಿದ್ರು. ನಮ್ಮಪ್ಪನ ತಂಗಿ ಒಂದಿದೆ. ಅದಕ್ಕೇ..."

"ನನ್ ಅಡುಗೆಮನೆ ಕಿಟಕಿಯಿಂದ ಕಾಣುತ್ತೆ ಇದು."

"ಅದಕ್ಕೇ ಹೇಳ್ಲಿಲ್ಲ. ಹೇಳಿದ್ರೆ ನೀನು ಕಿಟಕಿ ಬಿಟ್ಟು ಏಳ್ತಿರಲಿಲ್ಲ."

ಮೂವತ್ತೊಂಬತ್ತು ವರ್ಷ. ಅತ್ತೆ ಫ್ಲಾಸ್ಕನ್ನು ಹುಲ್ಲಿನ ಮೇಲೆ ಇಟ್ಟಳು. ಅದು ಉರುಳಿತು. ಯಾರೂ ಎತ್ತಲಿಲ್ಲ. ದಿಬ್ಬದ ಮೇಲೆ ಹುಲ್ಲಿನ ನಡುವೆ ಕಲ್ಲುಗಳಿದ್ದವು, ಹಿಡಿಯಷ್ಟು ಗಾತ್ರದವು, ಹತ್ತೋ ಹನ್ನೆರಡೋ. ಅಲ್ಲಿಯವರೆಗೆ ನಾನು ಅವನ್ನು ಬರೀ ಕಲ್ಲು ಎಂದುಕೊಂಡಿದ್ದೆ.

ಫೆಲಿಮ್ ಜೆಸಿಬಿಯಿಂದ ಇಳಿದು ಅದರ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನು ಕೇಳಬೇಕೆಂದಿದ್ದದ್ದು ಏನೆಂದು ನನಗೆ ಗೊತ್ತಿತ್ತು. ಕೇಳಲಿ ಎಂದು ನಾನೂ ಕಾಯುತ್ತಿದ್ದೆ.

ಕೇಳಿದ್ದು ಮಾವ. ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, ಹೆಂಡತಿಗೆ ಎರಡು ಮಾರು ದೂರ ನಿಂತು:

"ಟೆಸ್ಸಿ, ಯಾವ ಕಲ್ಲು ಅಂತ ನಂಗೊತ್ತು. ದಿನಾ ನೋಡಿದೀನಿ. ಕಚೇರಿಯವರು, ಪಾದ್ರಿ, ಯಾರನ್ನ ಕೇಳ್ಬೇಕೋ ಕೇಳ್ತೀನಿ. ಈಗಿನ ಪಾದ್ರಿ ಬೇಡ ಅನ್ನಲ್ಲ. ನಾನೇ ತೆಗೀತೀನಿ, ಕೈಯಲ್ಲೇ, ಯಂತ್ರ ಬೇಡ. ಮಠದ ಸ್ಮಶಾನದಲ್ಲಿ, ಗೋಡೆ ಒಳಗೇ, ನಮ್ಮ ಜಾಗದಲ್ಲೇ ಇಡಣ. ಹೆಸರು ಹಾಕ್ಸಣ. ನೀನಿಟ್ಟ ಹೆಸರೇ. ಉಳಿದವ್ರನ್ನೂ ಅಷ್ಟೇ, ಒಬ್ಬೊಬ್ಬರನ್ನೂ. ಈ ಹುಡುಗ್ರು ಮನೆ ಕಟ್ಕೊಳ್ಳಲಿ."

ಗಾಳಿ ಬೀಸಿ ಕೆಳಹೊಲದ ಜೊಂಡು ಒಂದೇ ಕಡೆಗೆ ಮಲಗಿತು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಒಂದು ಸಣ್ಣ ಪೆಟ್ಟಿಗೆಗೆ, ಒಂದು ಸಣ್ಣ ಕಲ್ಲಿಗೆ, ಹನ್ನೆರಡು ಪೆಟ್ಟಿಗೆಗೆ ಎಷ್ಟಾಗಬಹುದೆಂದು ನನ್ನ ತಲೆ ಆಗಲೇ ಕೂಡಿಸುತ್ತಿತ್ತು. ಇಪ್ಪತ್ತೆಂಟು ಸಾವಿರಕ್ಕಿಂತ ಕಡಿಮೆಯೇ ಬಂತು. ಒಳಗೆ ಮಗು ಒದೆಯಿತು.

ಅತ್ತೆ ನನ್ನ ಹೊಟ್ಟೆಯತ್ತ ಒಮ್ಮೆ ನೋಡಿದಳು. ಆಮೇಲೆ ಮಾವನ ಕೈಗಳತ್ತ.

"ಬೇಡ," ಎಂದಳು. "ಅವನನ್ನ ಇನ್ನೊಂದ್ಸಲ ನಿನ್ ಕೈಗೆ ಕೊಡಲ್ಲ."