ಅತ್ತೆಯ ಹಲ್ಲು ಹೊತ್ತ ಗೂಡ್ಸ್ ಗಾಡಿ

ಬೇಕರಿಯವನಿಗೆ ಅತ್ತೆಯ ಮೇಲೆ ಗೌರವವಿತ್ತು. ಅತ್ತೆ ದೂರದಲ್ಲಿದ್ದಷ್ಟೂ ಅದು ಹೆಚ್ಚುತ್ತಿತ್ತು. ಹಾಗಾಗಿ, ಮೊಣಕಾಲಿನ ಆಪರೇಷನ್ ಆದ ಅತ್ತೆ ಎರಡು ತಿಂಗಳು ಇಲ್ಲೇ ಇರುತ್ತಾರೆಂದು ಹೆಂಡತಿ ಹೇಳಿದಾಗ ಅವನು ಎದ್ದು ಹೋಗಿ ಪಕ್ಕದ ಕೋಣೆಯ ಬಾಗಿಲು ಮುಚ್ಚಿದ. ಮನೆಯಲ್ಲಿದ್ದ ಒಂದೇ ಒಂದು ಹೆಚ್ಚಿನ ಕೋಣೆಯಲ್ಲಿ ಅವನ ರೈಲು ಓಡುತ್ತಿತ್ತು.

ಅದನ್ನು ಆಟದ ರೈಲು ಎಂದವರ ಮೇಲೆ ಅವನು ಉರಿದುಬೀಳುತ್ತಿದ್ದ. ಕೋಣೆ ತುಂಬ ಮೇಜು, ಅದರ ಮೇಲೆ ಹಳಿ, ಸೇತುವೆ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಟಿಕೆಟ್ ಕೌಂಟರು. ಮೂಲೆಯಲ್ಲೊಂದು ಗುಡ್ಡ, ಅದರೊಳಗೆ ಸುರಂಗ. ಗುಡ್ಡಕ್ಕೆ ಅವನು ಕೇಕಿಗೆ ಕ್ರೀಮು ಬಳಿಯುವ ಕೈಯಲ್ಲೇ ಪ್ಲಾಸ್ಟರ್ ಬಳಿದಿದ್ದ, ಎಲ್ಲೂ ಒಂದು ಬಿರುಕಿಲ್ಲದ ಹಾಗೆ. ಈಗ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೇರಿಸಿದ. ಗುಡ್ಡವನ್ನು ಕೀಳಲು ಮಾತ್ರ ಮನಸ್ಸು ಬರಲಿಲ್ಲ.

"ಅದು ಗೋಡೆಗೆ ಅಂಟಿಬಿಟ್ಟಿದೆ ಕಣೇ," ಎಂದು ಹೆಂಡತಿಗೆ ಅರ್ಧ ಸುಳ್ಳು ಹೇಳಿದ.

ಅತ್ತೆ ಬಂದು ಮಂಚದ ಮೇಲೆ ಕೂತು ಗುಡ್ಡವನ್ನು ದಿಟ್ಟಿಸಿದರು. "ಅಳಿಯಂದ್ರೇ, ಗುಡ್ಡ ಇದೆ, ಸುರಂಗ ಇದೆ. ರೈಲೆಲ್ಲಿ?"

ಅವನಿಗೆ ಅಷ್ಟೇ ಸಾಕಿತ್ತು. ವಾರ ಕಳೆಯುವುದರೊಳಗೆ ಗೋಡೆಗುಂಟ ಹಲಗೆ ಬಡಿದು, ಬಾಗಿಲಿನಿಂದ ಹೊರಟು ಸುರಂಗ ದಾಟಿ ಅತ್ತೆಯ ದಿಂಬಿನವರೆಗೆ ಹೊಸದಾಗಿ ಹಳಿ ಹಾಕಿದ. ಹೆಂಡತಿ ಬಾಗಿಲಲ್ಲಿ ನಿಂತು ಕನ್ನಡಕ, ಮಾತ್ರೆಗಳನ್ನು ಗೂಡ್ಸ್ ಗಾಡಿಯ ಡಬ್ಬಿಗೆ ಹಾಕಿದರೆ ಸಾಕು, ಅತ್ತೆಗೆ ಕೂತಲ್ಲಿಗೇ ಬರುತ್ತಿತ್ತು. ರೈಲು ತಡವಾದರೆ ಅತ್ತೆ ಸ್ಟೇಷನ್ ಮಾಸ್ಟರನ್ನು ಕರೆದು ದಬಾಯಿಸುತ್ತಿದ್ದರು. ಬೇಕರಿಯವನಿಗೆ ಬೈಸಿಕೊಳ್ಳುವುದರಲ್ಲೂ ಖುಷಿ.

ಒಂದು ಸಂಜೆ ಅತ್ತೆಯನ್ನು ನೋಡಲು ಅವರ ಬಾಲ್ಯದ ಗೆಳತಿ ಬರುವುದಿತ್ತು. ತೊಳೆದಿಟ್ಟ ಹಲ್ಲಿನ ಸೆಟ್ಟನ್ನು ಹೆಂಡತಿ ಡಬ್ಬಿಗೇರಿಸಿದಳು. ರೈಲು ಸುರಂಗ ಹೊಕ್ಕಿತು. ಕಟಕ್ ಎಂದು ಸದ್ದಾಯಿತು. ಆಚೆಗೆ ಬರಲಿಲ್ಲ. ಅವನು ಸುರಂಗವನ್ನು ಅಳೆದದ್ದು ಎಂಜಿನ್ನಿಗೆ, ಅತ್ತೆಯ ಹಲ್ಲಿಗಲ್ಲ.

ಸೌಟು ತೂರಿಸಿದ, ಕೊಡೆಯ ಕಡ್ಡಿ ತೂರಿಸಿದ. ರೈಲು ಜಪ್ಪಯ್ಯ ಎನ್ನಲಿಲ್ಲ.

"ಕೈ ಹಾಕೋಕೆ ಒಂದು ಕಿಂಡಿನಾದ್ರೂ ಬಿಡಬಾರದಿತ್ತೇನ್ರೀ?" ಎಂದಳು ಹೆಂಡತಿ.

"ಕಿಂಡಿ ಇದ್ರೆ ನೋಡೋಕೆ ಚೆನ್ನಾಗಿರಲ್ಲ ಅಂತ..."

ಉಳಿದದ್ದು ಒಡೆಯುವ ದಾರಿಯೊಂದೇ. ಹಳೆಯದರಲ್ಲಿ ಅವನು ಇಡಿಯಾಗಿ ಉಳಿಸಿಕೊಂಡದ್ದು ಆ ಗುಡ್ಡವೊಂದೇ. ಅವನ ಮುಖ ನೋಡಿದ ಅತ್ತೆ, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದರು: "ಒಡೀಬೇಡಿ ಅಳಿಯಂದ್ರೇ. ನಾನು ಮಾತಾಡದೆ ಕೂತಿರ್ತೀನಿ."

ಬಾಯಿ ಮುಚ್ಚಿ ಕೂರುವುದೆಂದರೆ ಅತ್ತೆಗೆ ಎಂಥ ಶಿಕ್ಷೆಯೆಂದು ಮನೆಮಂದಿಗೆಲ್ಲ ಗೊತ್ತು. ಬೇಕರಿಯವನು ಸೀದಾ ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದವನೇ ಗುಡ್ಡದ ನೆತ್ತಿಗೆ ಬಾರಿಸಿದ.

ಗೆಳತಿ ಬಂದಾಗ ಅತ್ತೆಯ ಬಾಯಲ್ಲಿ ಹಲ್ಲಿತ್ತು, ಅಳಿಯನ ಮೀಸೆಯ ಮೇಲೆ ಪ್ಲಾಸ್ಟರಿನ ಪುಡಿಯಿತ್ತು. ಇಬ್ಬರು ಮುದುಕಿಯರ ನಗು ಬೀದಿಗೆ ಕೇಳಿಸಿತು.

ಗೆಳತಿ ಹೋದ ಮೇಲೆ ಅತ್ತೆ ಗುಡ್ಡದ ತೂತನ್ನು ನೋಡುತ್ತಾ, "ಎರಡು ತಿಂಗಳು ಮುಗೀತಾ ಬಂತು. ನಾನು ಹೊರಟ ಮೇಲೆ ಆರಾಮವಾಗಿ ರಿಪೇರಿ ಮಾಡ್ಕೊಳ್ಳಿ," ಎಂದರು.

ಬೇಕರಿಯವನು ಅಟ್ಟದಿಂದ ಆಗಲೇ ಪ್ಲಾಸ್ಟರಿನ ಚೀಲ ಇಳಿಸಿ ತಂದಿದ್ದ. ಅದನ್ನು ಮಂಚದ ಪಕ್ಕಕ್ಕಿಟ್ಟ.

"ಸುರಂಗ ದೊಡ್ಡದು ಮಾಡ್ಬೇಕಲ್ಲ, ಅತ್ತೆ. ಅಳತೆಗೆ ನಿಮ್ಮ ಹಲ್ಲು ಇಲ್ಲೇ ಇರ್ಬೇಕಾಗುತ್ತೆ."