ಬೋರ್ಡಿನ ಮೂಲೆಯ ಚುಕ್ಕಿ

"ಅಷ್ಟು ಮಕ್ಕಳಿದ್ರಲ್ಲ, ಒಬ್ಬರಿಗಾದ್ರೂ ಗೊತ್ತಾಗಬಾರದಿತ್ತಾ?"

ಗಂಡನ ಹಣೆಗೆ ವಿಭೂತಿ ಹಚ್ಚುತ್ತಾ ಬೋರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಮೈದುನ ಕೆಂಪಯ್ಯ ಅಣ್ಣನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟುತ್ತಿದ್ದ. ತಲೆಯೆತ್ತಲಿಲ್ಲ.

"ಹನ್ನೊಂದಕ್ಕೆ ವ್ಯಾನ್ ಬರುತ್ತೆ ಅತ್ತಿಗೆ. ನೀವೊಂದು ಲೋಟ ಕಾಫಿ ಕುಡೀರಿ."

ಯೋಗಾನಂದ ಮಾಸ್ತರರು ನಾಯಂಡಹಳ್ಳಿ ಹತ್ತಿರದ ಖಾಸಗಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವರು. ಮಿದುಳಿನಲ್ಲಿ ಗಡ್ಡೆ. ಆಸ್ಪತ್ರೆಯಲ್ಲಿದ್ದದ್ದು ಹನ್ನೆರಡೇ ದಿನ. ದೀಪಾವಳಿ ಹೊತ್ತಿಗೇ ಕರೆತಂದಿದ್ದರೆ ಆಪರೇಷನ್ ಮಾಡಬಹುದಿತ್ತು, ಹೆಸರು ದಾರಿ ಎಲ್ಲ ತಪ್ಪುತ್ತಿದ್ದದ್ದನ್ನು ಯಾರೂ ಗಮನಿಸಲಿಲ್ಲವೇ ಎಂದು ಡಾಕ್ಟರು ಕೇಳಿದ್ದರು. ಅಂದಿನಿಂದ ಬೋರಮ್ಮನ ಬಾಯಲ್ಲಿ ಅದೊಂದೇ ಮಾತು.

ಹೊರಗೆ ಶಾಮಿಯಾನದಡಿ ಎಂಟನೇ ಕ್ಲಾಸಿನ ಮಕ್ಕಳು ಯೂನಿಫಾರ್ಮಿನಲ್ಲೇ ಬಂದು ನಿಂತಿದ್ದರು. ಕರೆತಂದವಳು ಸೌಮ್ಯಶ್ರೀ, ಅದೇ ಶಾಲೆಯ ಹೊಸ ಟೀಚರು.

"ನಂದು ತೊಂಬತ್ತೆರಡು ಮಗಾ," ಎಂದ ದರ್ಶನ್, ಮೆಲ್ಲಗೆ.

"ಸುಳ್ಳು ಬಿಡಬೇಡ್ವೋ. ಅರ್ಧ ನಾನೇ ಹೇಳಿಕೊಟ್ಟಿದ್ದು," ಎಂದಳು ಕೀರ್ತನಾ.

ಕೆಂಪಯ್ಯ ಹೊಸ್ತಿಲಿಗೆ ಬಂದ. "ಏನ್ರೋ ಅದು? ಸಾವಿನ ಮನೇಲಿ ಮಾರ್ಕ್ಸ್ ಹೇಳ್ಕೋತೀರಾ?"

"ಮಾರ್ಕ್ಸ್ ಅಲ್ಲ ಅಂಕಲ್, ಹಿಡಿದ ತಪ್ಪಿನ ಲೆಕ್ಕ," ಎಂದಳು ಕೀರ್ತನಾ. "ಸಾರ್ ದಿನಾ ಪಾಠದಲ್ಲಿ ಬೇಕಂತಲೇ ಒಂದು ತಪ್ಪು ಬರೀತಿದ್ರು. ಮೊದಲು ಹಿಡಿದವರ ಕೈಗೆ ಚಾಕ್‌ಪೀಸ್. ಅವರೇ ಹೋಗಿ ತಿದ್ದಬೇಕು. ಅದಕ್ಕೇ ನಮ್ಮ ಕ್ಲಾಸಲ್ಲಿ ಯಾರೂ ತೂಕಡಿಸ್ತಿರಲಿಲ್ಲ."

"ದೀಪಾವಳಿ ಆದ್ಮೇಲಂತೂ ದಿನಕ್ಕೆ ನಾಲ್ಕೈದು!" ದರ್ಶನ್‌ಗೆ ಉತ್ಸಾಹ ತಡೆಯಲಿಲ್ಲ. "ಒಂದಿನ ನನ್ನೇ ಪ್ರವೀಣ ಅಂತ ಕರೆದ್ರು. ಅದನ್ನೂ ಹಿಡಿದೆ."

ಹುಡುಗರು ನಕ್ಕರು. ನಕ್ಕಿದ್ದು ಕೇಳಿಸಿ ತಾವೇ ಸುಮ್ಮನಾದರು.

ಒಳಗೆ ಬೋರಮ್ಮನ ಬೆರಳು ಗಂಡನ ಹಣೆಯ ಮೇಲೇ ನಿಂತಿತು. ಸಂಕ್ರಾಂತಿಯ ದಿನ ಅವರು ಅಂಗಿಯನ್ನು ಒಳಹೊರಗಾಗಿ ತೊಟ್ಟು ಬಂದಿದ್ದರು. ಕೇಳಿದ್ದಕ್ಕೆ ಒಂದು ಕ್ಷಣ ಕಣ್ಣು ಕಿರಿದು ಮಾಡಿ, "ನೀನು ಹಿಡೀತೀಯೋ ಇಲ್ವೋ ನೋಡ್ದೆ ಕಣೇ," ಎಂದಿದ್ದರು. ಅವಳೂ ನಕ್ಕಿದ್ದಳು.

*

ಜೂನ್‌ನಲ್ಲಿ ಹೆಡ್‌ಮಾಸ್ಟರು ಸೌಮ್ಯಶ್ರೀಯನ್ನು ಮಾಸ್ತರರ ಕ್ಲಾಸಿನ ಹಿಂದಿನ ಬೆಂಚಿಗೆ ಕಳಿಸಿದ್ದರು. ಅವರ ವಿಧಾನವನ್ನು ಬರೆದು ಪುಸ್ತಕ ಮಾಡಿದರೆ ಉಳಿದ ಟೀಚರುಗಳಿಗೆ ತರಬೇತಿ ಕೊಡುವ ಕೆಲಸ ಅವಳದೇ ಎಂದಿದ್ದರು.

"ಒಂದು ಗುಟ್ಟು ಹೇಳ್ತೀನಮ್ಮ," ಎಂದಿದ್ದರು ಮಾಸ್ತರರು. "ತಪ್ಪು ಬರೆಯೋ ಮೊದಲು ಬೋರ್ಡಿನ ಮೂಲೇಲಿ ಒಂದು ಚುಕ್ಕಿ ಇಡ್ತೀನಿ. ಯಾರೂ ಹಿಡೀದೆ ಹೋದ್ರೆ ನಾನೇ ತಿದ್ದಬೇಕಲ್ಲ? ಮಕ್ಕಳು ತಪ್ಪನ್ನೇ ಕಲಿತು ಮನೆಗೆ ಹೋದ್ರೆ ಪಾಪ ನಂದೇ."

ನವೆಂಬರಿನ ಒಂದು ಮಧ್ಯಾಹ್ನ ಅವರು ಕರ್ನಾಟಕದ ನಕ್ಷೆ ಬರೆದು, ತಲಕಾವೇರಿಯನ್ನು ಬೀದರಿನ ಪಕ್ಕದಲ್ಲಿ ಗುರುತಿಸಿದರು. ಕಾರವಾರ ಕೋಲಾರದ ಜಾಗಕ್ಕೆ ಬಂತು. ನದಿಯ ಹೆಸರು ಹೇಳಹೊರಟು, ಪದ ಮರೆತ ಗಮಕಿಯಂತೆ ಬಾಯಿ ತೆರೆದು ನಿಂತರು. "ತಪ್ಪು ಸಾರ್! ತಪ್ಪು!" ಎಂದು ಇಡೀ ಕ್ಲಾಸು ಎದ್ದು ಚಪ್ಪಾಳೆ ತಟ್ಟಿತು. ಮಾಸ್ತರರು ಬೋರ್ಡು ನೋಡಿದರು, ಮಕ್ಕಳನ್ನು ನೋಡಿದರು, ಕೊನೆಗೆ ಹಿಂದಿನ ಬೆಂಚಿನತ್ತ ನೋಡಿದರು. ಆಮೇಲೆ ತಾವೂ ಚಪ್ಪಾಳೆ ತಟ್ಟಿದರು.

ಸೌಮ್ಯಶ್ರೀ ಬೋರ್ಡಿನ ನಾಲ್ಕೂ ಮೂಲೆ ಹುಡುಕಿದಳು. ಚುಕ್ಕಿ ಇರಲಿಲ್ಲ. ಮರುದಿನವೂ ಇರಲಿಲ್ಲ. ಪುಸ್ತಕಕ್ಕೆ ಇನ್ನು ಎರಡೇ ಅಧ್ಯಾಯ ಬಾಕಿ ಇತ್ತು. ಅವಳು ಬರೆದಳು: "ತಪ್ಪುಗಳ ಸಂಖ್ಯೆ ಹೆಚ್ಚಿದಂತೆ ಮಕ್ಕಳ ಗಮನವೂ ಹೆಚ್ಚುತ್ತದೆ."

*

"ಒಳಗೆ ಬಾಮ್ಮ," ಎಂದು ಬೋರಮ್ಮ ಕರೆದಳು. "ಹಿಂದಿನ ಬೆಂಚಲ್ಲಿ ಕೂತು ಬರ್ಕೋತಿದ್ದೋಳು ನೀನೇ ಅಲ್ವಾ? ಸೌಮ್ಯ ಕಣ್ಣಿಟ್ಟು ನೋಡ್ತಾಳೆ ಅಂತಿದ್ರು. ಮಕ್ಕಳಿಗಂತೂ ಆಟ. ನಿಂಗೂ ಗೊತ್ತಾಗಲಿಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಸೌಮ್ಯಶ್ರೀಗೆ ಆ ವಿಭೂತಿಯ ಹಣೆಯೆದುರು ಸುಳ್ಳು ಹೊರಡಲಿಲ್ಲ.

"ಬೇಕಂತ ಬರೆಯೋ ತಪ್ಪಿಗೆ ಚುಕ್ಕಿ ಇಡ್ತಿದ್ರು ಆಂಟಿ. ನಂಗೊಬ್ಬಳಿಗೇ ಹೇಳಿದ್ರು. ನವೆಂಬರಿಂದ... ಚುಕ್ಕಿ ಇರ್ತಿರಲಿಲ್ಲ."

"ನವೆಂಬರಿಂದ."

"ಹೂಂ."

"ಒಂದು ಫೋನ್ ಮಾಡೋಕಾಗಲಿಲ್ವಾ?"

"ಅವರನ್ನ ಮನೇಗೆ ಕಳಿಸಿಬಿಡ್ತಾರೆ, ಪುಸ್ತಕ ನಿಂತುಹೋಗುತ್ತೆ ಅಂತ... ಮುಗಿದ ಮೇಲೆ ಹೇಳೋಣ ಅಂದ್ಕೊಂಡೆ."

"ಮುಗೀತಾ?"

ಸೌಮ್ಯಶ್ರೀ ಹೌದೆಂದು ತಲೆಯಾಡಿಸಿದಳು. ಹೊರಗೆ ವ್ಯಾನು ಹಿಂದಕ್ಕೆ ಬರುತ್ತಿರುವ ಸದ್ದು ಕೇಳಿಸಿತು. ಕೆಂಪಯ್ಯ ಅಕ್ಕಿಯ ತಟ್ಟೆ ತಂದು ಅತ್ತಿಗೆಯ ಮಡಿಲಲ್ಲಿಟ್ಟು, "ಬಾಯಿಗೆ ಅಕ್ಕಿ ಹಾಕೋರೆಲ್ಲ ಬನ್ನಿ," ಎಂದು ಕೂಗಿದ. ನೆಂಟರು ಬಂದರು, ಬೀದಿಯವರು ಬಂದರು. ಮಕ್ಕಳೂ ಸಾಲಾಗಿ ಬಂದರು. ದರ್ಶನ್ ಎಷ್ಟು ಹಿಡಿಯಬೇಕೆಂದು ತಿಳಿಯದೆ ಮುಷ್ಟಿ ತುಂಬಿಕೊಂಡ. ಬೋರಮ್ಮ ಅವನ ಕೈ ಹಿಡಿದು, ನಾಲ್ಕು ಕಾಳು ಉಳಿಸಿ, ಗಂಡನ ತುಟಿಯವರೆಗೆ ಒಯ್ದಳು.

ಕೊನೆಗೆ ಸೌಮ್ಯಶ್ರೀ ಮಂಡಿಯೂರಿದಳು. "ನಾನೂ ಹಾಕ್ಲಾ ಆಂಟಿ? ನಂಗೂ ಗುರುಗಳು ಅವರು."

ಬೋರಮ್ಮ ಎರಡೂ ಅಂಗೈಗಳನ್ನು ತಟ್ಟೆಯ ಮೇಲೆ ಬೋರಲು ಹಾಕಿದಳು. ಬೆರಳ ಸಂದಿಯಲ್ಲಿ ಅಕ್ಕಿ ಬೆಳ್ಳಗೆ ಕಾಣುತ್ತಿತ್ತು.

"ಬೇಡ," ಎಂದಳು. "ನೀನು ಹಾಕಬೇಡ."