ಗೋಡೆಯ ಕೊನೆಯ ದಿಮ್ಮಿ

"ಲೇ ಕರಿ ಸೂಳೆಮಗನೇ, ದಿಮ್ಮಿ ಎತ್ತೋ! ಹೆಂಡ್ತಿ ಬಂದ್ಲು ಅಂತ ಒರಗ್ಕೊಂಡು ನಿಂತ್ಯಾ?"

ಮೇಸ್ತ್ರಿ ಯೋರಿಸ್ ಬೈದದ್ದು ನನ್ನ ಗಂಡ ಗಾಸ್ಪರನಿಗೆ. ನಾನು ಜೋಳದ ಅಂಬಲಿಯ ಮಡಕೆ ಇಳಿಸಿದೆ.

ದ್ವೀಪಕ್ಕೆ ಅಡ್ಡಲಾಗಿ, ಈ ನದಿಯಿಂದ ಆ ನದಿಯವರೆಗೆ, ಮೊನೆ ಕೆತ್ತಿದ ದಿಮ್ಮಿಗಳ ಗೋಡೆ ಎದ್ದಿತ್ತು. ಒಳಗೆ ಡಚ್ಚರ ಊರು. ಅದರ ಕೋಟೆ, ಕಾಲುವೆ, ಇಟ್ಟಿಗೆ ಮನೆಗಳಿಗೆಲ್ಲ ಮಣ್ಣು ಹೊತ್ತವರು ಅಂಗೋಲಾದಿಂದ ಗುಲಾಮರಾಗಿ ಹಿಡಿದು ತಂದ ನಾವು. ನಮ್ಮ ಸೊಂಟ ಬಿದ್ದ ಮೇಲೆ ಡಚ್ಚರ ವ್ಯಾಪಾರಿ ಕಂಪನಿ, ಕರೆದಾಗ ಬಂದು ದುಡಿಯಬೇಕೆಂಬ ಕರಾರಿನ ಮೇಲೆ ಗಂಡಹೆಂಡಿರನ್ನು ಬಿಡುಗಡೆ ಮಾಡಿ ಗೋಡೆಯ ಹೊರಗೆ ಜೌಗುನೆಲ ಕೊಟ್ಟಿತು. ಶತ್ರು ಬಂದರೆ ಮೊದಲು ನಮ್ಮ ಕತ್ತು ಸಿಗಲಿ ಎಂದು. ಹೆತ್ತ ಮಕ್ಕಳು ಮಾತ್ರ ಕಂಪನಿಯ ಆಸ್ತಿ.

ಮಗಳು ಲೂಸಿಯಾ ಒಳಗೆ ಅಧಿಕಾರಿಯೊಬ್ಬನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಹೆಬ್ಬಾಗಿಲ ಕಾವಲಿನವರು ಅವಳನ್ನು ಹೊರಗೆ ಬಿಡುತ್ತಿರಲಿಲ್ಲ. ಗೋಡೆಯಲ್ಲಿ ಕೊನೆಯ ದಿಮ್ಮಿಗೆಂದು ಉಳಿದಿದ್ದ ಈ ಒಂದೇ ಸಂದಿಯಿಂದ ಮಧ್ಯಾಹ್ನ ತೂರಿ ಬಂದು ನಮ್ಮ ಜೊತೆ ಉಣ್ಣುತ್ತಿದ್ದಳು. ಇವತ್ತೂ ಬಂದಳು.

"ಅವ್ವಾ, ಇದನ್ನೂ ಮುಚ್ಚಿದ್ರೆ ನಾಳೆ ಎಲ್ಲಿಂದ ಬರ್ಲಿ?"

"ನಾಳೆಯಿಂದ ನಿಂಗೆ ಅವ್ವ ಇಲ್ಲ ಕಣೇ," ಯೋರಿಸ್ ಹಲ್ಲು ಕಿಸಿದ. "ಒಳಗೆ ನಾಯಿ ತಿಂದು ಬಿಟ್ಟಿದ್ದು ಇರತ್ತೆ, ನೆಕ್ಕು."

ಗಾಸ್ಪರ್ ಟೊಪ್ಪಿಗೆ ತೆಗೆದ. "ಸ್ವಾಮಿ, ಒಂದು ಕಿಂಡಿ ಬಿಡಿ. ಮಗು ತೂರೋವಷ್ಟು."

"ನಿನ್ ಮಗೀಗೋಸ್ಕರ ಊರಿನ ನಕ್ಷೆ ತಿದ್ಬೇಕೇನೋ?"

"ನಕ್ಷೇಲಿ ನಾವೆಲ್ಲಿದೀವಿ?" ನಾನು ಕೇಳಿದೆ.

ಅವನು ಹಾಳೆ ಬಿಚ್ಚಿ ಗೋಡೆಯ ಗೆರೆಯಾಚೆಗೆ ಉಗುರು ಎಳೆದ. "ಇಲ್ಲಿ. ಖಾಲಿ ಐತಲ್ಲ, ಅದೇ ನೀವು."

"ನಾನು ಬರೋದ್ರೊಳಗೆ ದಿಮ್ಮಿ ನಿಂತಿರ್ಬೇಕು," ಎಂದು ಹೇಳಿ ಯೋರಿಸ್ ಬಿಯರ್ ಕುಡಿಯಲು ಊರೊಳಕ್ಕೆ ಹೋದ.

ನಾನು ಕೊಡಲಿ ಎತ್ತಿಕೊಂಡೆ.

"ಸೂಸಾನಾ, ಏನ್ಮಾಡ್ತಿದೀಯೇ?" ಗಾಸ್ಪರ್ ಕೇಳಿದ.

"ಅಂಬಲಿ ತಣ್ಣಗಾಗೈತೆ. ಸೌದೆ ಬೇಕು."

ಮೊದಲ ಏಟಿಗೆ, ನೆಲದಲ್ಲಿ ಬಿದ್ದಿದ್ದ ಕೊನೆಯ ದಿಮ್ಮಿಯ ಮೊನೆ ಹಾರಿತು. ಗಾಸ್ಪರ್ ಸುತ್ತ ನೋಡಿದ. ಟೊಪ್ಪಿಗೆಯನ್ನು ನೆಲಕ್ಕೆಸೆದು ಇನ್ನೊಂದು ಕೊಡಲಿ ಹಿಡಿದ. ಸಂದಿಯ ನಟ್ಟನಡುವೆ ಒಲೆಗೆ ಕಲ್ಲು ಹೂಡಿದೆವು. ಒಣ ಚೆಕ್ಕೆ ಹೊತ್ತಿತು, ಹಸಿ ಮರ ಹೊಗೆ ಕಾರಿ ಆಮೇಲೆ ಧಗ್ಗೆಂದಿತು. ಅಂಬಲಿ ಕುದಿಯಿತು.

"ನಿಮ್ಮವ್ವನ್! ಕಂಪನಿ ಮರ ಸುಡ್ತೀರಾ? ಸಿಪಾಯಿಗಳನ್ನ ಕರೀರೋ!"

ಯೋರಿಸ್ ಓಡಿ ಬಂದವನು ಬೆಂಕಿಯ ಈಚೆಗೆ ದಾಟಲಿಲ್ಲ. ಅವನ ಹಿಂದೆ ಬೂಟುಗಳು, ಬಂದೂಕುಗಳು. ಲೂಸಿಯಾ ಬಟ್ಟಲು ಕೆಳಗಿಟ್ಟು ಏಳಲು ನೋಡಿದಳು. ನಾನು ಅವಳ ಭುಜ ಒತ್ತಿ ಕೂರಿಸಿದೆ. ಗಾಸ್ಪರ್ ಉಳಿದರ್ಧ ದಿಮ್ಮಿಯನ್ನೂ ಒಲೆಗೆ ನೂಕಿದ.

"ಉಣ್ಣು ಮಗಳೇ," ಅಂದೆ. "ನಿಧಾನಕ್ಕೆ ಉಣ್ಣು."